ಮರಳವಾಡಿಯಿಂದ, ಕಾಗೆಗಳ ನಡುವೆ ಕೂತು

ಪ್ರೀತಿಯ ಅಕ್ಕ,

ಹಾರೋಹಳ್ಳಿ ದಾಟಿ ಮರಳವಾಡಿ ಸೇರಿದೆ. ಇಲ್ಲಿನ ಮೇ ತಿಂಗಳ ಬಿಸಿಲಿನ ಬಗ್ಗೆ ಬರೆದರೆ ತೀರ್ಥಹಳ್ಳಿಯಲ್ಲಿ ಕೂತ ನೀನು ನಂಬುವುದಿಲ್ಲ, ಹಾಗಾಗಿ ಕಾಗೆಗಳ ಸುದ್ದಿ.

ಉಳಿದಿರುವುದು ರೇಷ್ಮೆ ಸಾಕುವವರ ಮನೆಯಲ್ಲಿ. ಹುಳ ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ನಿದ್ದೆ, ಬಿಟ್ಟೆದ್ದಿದೆ, ಎಷ್ಟು ಸೊಪ್ಪು ಹಾಕಿದರೂ ಸಾಲದು. ಬೂದು ಕತ್ತಿನ ಊರುಕಾಗೆಗಳು ಬೆಳಗಾಗುವ ಮೊದಲೇ ಹುಳುಮನೆ ಬಾಗಿಲಲ್ಲಿ ಹಾಜರು. ಹಾಲುತೊಂಡೆ ರೋಗ ಬಂದ ಹುಳ ಆರಿಸಿ ತೆಗೆಯುತ್ತಾರಲ್ಲ, ಅದರ ಮೇಲೆ ಕಣ್ಣು. ಕಾಗೆ ಕಚ್ಚಿಕೊಂಡು ಹೋಗಿ ಪಕ್ಕದವರ ತೋಟದಲ್ಲಿ ಉದುರಿಸಿದರೆ ರೋಗ ಅಲ್ಲಿಗೂ ದಾಟೀತು ಎಂದು ಮನೆಯ ಅಜ್ಜಿ ಸುಣ್ಣ ಹಾಕಿ ಹೂಳಿಸುತ್ತಾರೆ. “ಹೂತ ಜಾಗಾನೂ ನೋಡ್ಕಂಡು ಕೂತಿರ್ತವೆ ಕಣಪ್ಪ, ಮುಂಡೇವು!”

ಕಾಗೆಗೆ ಕಾ ಎನ್ನುವುದೊಂದೇ ಗೊತ್ತು ಎನ್ನುವವರು ಈ ಮನೆಯ ಶೀಟಿನ ಕಡೆ ನೋಡಬೇಕು. ನಿನ್ನೆ ಮಧ್ಯಾಹ್ನ ಎರಡು ಕೂತಿದ್ದವು. ಒಂದು ತಲೆ ಬಗ್ಗಿಸಿ ಕತ್ತು ಒಡ್ಡಿತು, ಇನ್ನೊಂದು ಕೊಕ್ಕಿನ ತುದಿಯಲ್ಲಿ ಗರಿ ಬಿಡಿಸುತ್ತಾ ಗಂಟಲೊಳಗೇ ‘ಕುರ್ರ್, ಕುರ್ರ್’ ಅಂತಿತ್ತು. ಕೆಳಗೆ ಬೆಕ್ಕು ಬಂದದ್ದೇ ತಡ, ಆ ಮುದ್ದೆಲ್ಲ ಮುಗಿದು ಕೇರಿಗೇ ಕೇಳುವ ಗಲಾಟೆ.

ನಮ್ಮ ಕಡೆಯ ಕಪ್ಪನೆ ಕಾಡುಕಾಗೆ ಇಲ್ಲೂ ಇದೆ, ಊರಾಚೆ, ಬನ್ನೇರುಘಟ್ಟದ ಕಾಡಿನ ಸೆರಗಿನಲ್ಲಿ. ದಪ್ಪ ದನಿ, ‘ಕ್ರಾ’ ಎಂದು ಎಳೆಯುತ್ತದೆ. ಊರುಕಾಗೆಗೆ ಮನುಷ್ಯರಿಲ್ಲದೆ ಬದುಕಿಲ್ಲ, ಇದಕ್ಕೆ ಆ ಹಂಗಿಲ್ಲ. ಕಣ್ಣು ಮುಚ್ಚಿಕೊಂಡು ನಡೆದರೂ ಊರು ಎಲ್ಲಿ ಮುಗಿಯಿತು ಎಂದು ಕಿವಿಯೇ ಹೇಳುತ್ತದೆ. ಮೊನ್ನೆ ಸಂಜೆ ಕಾಡಿನ ಕಡೆ ಅವು ಒಟ್ಟಿಗೆ ಅರಚತೊಡಗಿದವು. ಅಜ್ಜಿ ಕೂತಲ್ಲಿಂದಲೇ, “ಅಲ್ಲೇನೋ ಬಿದ್ದದೆ, ಮೇಕೆ ಎಣಿಸ್ಕಳ್ರೋ” ಎಂದರು. ಹುಡುಗರು ಎಣಿಸಿದರು, ಲೆಕ್ಕ ಸರಿಯಿತ್ತು. ಹುಲಿ ಚಿರತೆ ಕೊಂದು ಹಾಕಿದ್ದನ್ನು ಕಾಡುಕಾಗೆಗಳ ಗದ್ದಲ ಬಯಲು ಮಾಡುತ್ತದೆ ಎಂದು ಸಲೀಂ ಅಲಿಯವರೂ ಬರೆದಿದ್ದಾರೆ. ಅಜ್ಜಿ ಅದನ್ನು ಓದಿದವರಲ್ಲ.

ನಿನ್ನ ಮಗಳು ಲಂಡನ್ ಟವರಿನಿಂದ ಫೋಟೊ ಕಳಿಸಿದ್ದಳಲ್ಲ, ಅದು ರೇವನ್. ಕಾಡುಕಾಗೆಗಿಂತಲೂ ದೊಡ್ಡದು, ನಮ್ಮ ರಾಜ್ಯದಲ್ಲಿಲ್ಲ. ಅಲ್ಲಿ ಅವು ಹೋದರೆ ರಾಜ್ಯವೇ ಬೀಳುತ್ತದೆಂಬ ನಂಬಿಕೆಯಂತೆ, ಸಾಕಿ ಇಟ್ಟುಕೊಂಡಿದ್ದಾರೆ. ನಮ್ಮಲ್ಲಿ ತಿಥಿಯ ದಿನ ಮಾತ್ರ ಎಡೆ ಇಟ್ಟು ಬಾ ಬಾ ಎನ್ನುತ್ತೇವೆ, ಉಳಿದ ದಿನ ಹುಶ್.

ಮಾವಿನ ತೋಪಿನಲ್ಲಿ ಕೋಗಿಲೆ ಗಂಡು ಕೂಗಿ ಕೂಗಿ ಕಾಗೆಗಳನ್ನು ಕೆಣಕುತ್ತಿದೆ. ಅವು ಅಟ್ಟಿಸಿಕೊಂಡು ಹೋದ ಹೊತ್ತಿಗೆ ಹೆಣ್ಣು ನುಗ್ಗಿ ಗೂಡಿನಲ್ಲಿ ಮೊಟ್ಟೆಯಿಡುತ್ತದೆ. ಕೋಗಿಲೆ ಮರಿ ಕಾಗೆ ಮರಿಗಿಂತ ಮೊದಲೇ ಹೊರಬರುವುದರಿಂದ ಮೊದಲ ತುತ್ತೂ ಅದಕ್ಕೇ. ಕವಿಗಳು ಹೊಗಳುವುದೂ ಅದನ್ನೇ, ನ್ಯಾಯ ನೋಡು!

ಹುಳ ಹಣ್ಣಾಗಿ ಚಂದ್ರಿಕೆ ಏರಿ ಗೂಡು ಕಟ್ಟಿದ ಮೇಲೆ ರಾಮನಗರದ ಮಾರುಕಟ್ಟೆಗೆ ಹೋಗುವ ಇವರ ಗಾಡಿಯಲ್ಲೇ ನಾನೂ ಹೊರಡುತ್ತೇನೆ. ಮಾವು ಬಾದಾಮಿ ತರಲೋ, ಸೇಂದೂರವೋ? ಫೋನ್ ಮಾಡು.

ನಿನ್ನ ತಮ್ಮ