ಎರಡು ಹೊಳೆಗಳ ನಡುವಿನ ಒಳದಾರಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ. ಈ ಮೂರು ಊರುಗಳನ್ನು ಹೆದ್ದಾರಿಯಿಂದಲೇ ನೋಡಿದವರಿಗೆ ಪೇಟೆ, ಸರ್ಕಲ್ಲು, ಬಸ್‌ಸ್ಟ್ಯಾಂಡುಗಳ ಪರಿಚಯ ಆಗಿರುತ್ತದೆ. ಊರಿನ ಪರಿಚಯ ಆಗಬೇಕಾದರೆ ಒಳದಾರಿಗೆ ಇಳಿಯಬೇಕು, ಅದೂ ಸೈಕಲ್ಲಿನಲ್ಲಿ. ಒಂದೂರಿಂದ ಇನ್ನೊಂದೂರಿಗೆ ಮೂವತ್ತು ಕಿಲೋಮೀಟರಿನ ಆಸುಪಾಸು. ಬಿ.ಸಿ. ರೋಡಿನಲ್ಲಿ 75 ಮತ್ತು 73ನೇ ಹೆದ್ದಾರಿಗಳು ಕವಲೊಡೆಯುತ್ತವೆ. ಮೂಡುಬಿದಿರೆಯ ಮೇಲೆ 169 ಹಾದುಹೋಗುತ್ತದೆ. ಲಾರಿ, ಬಸ್ಸು, ಅವಸರ ಎಲ್ಲ ಅಲ್ಲೇ ಉಳಿಯುತ್ತವೆ. ನಡುವಿನ ತ್ರಿಕೋನದಲ್ಲಿ ಉಳಿದದ್ದು ಸಿದ್ದಕಟ್ಟೆ, ವಾಮದಪದವು, ವೇಣೂರು, ಅಳದಂಗಡಿ, ಮತ್ತು ಅವುಗಳ ನಡುವೆ ಬಳ್ಳಿಯಂತೆ ಹಬ್ಬಿದ ಸಣ್ಣ ರಸ್ತೆಗಳು.

ಈ ನೆಲ ಎರಡು ಹೊಳೆಗಳ ನಡುವಿನದು. ತೆಂಕಣಕ್ಕೆ ನೇತ್ರಾವತಿ, ಬಂಟ್ವಾಳ ಪೇಟೆಯ ಮಗ್ಗುಲಲ್ಲೇ ಹರಿಯುತ್ತದೆ. 1923ರಲ್ಲಿ ಪೇಟೆಯೊಳಗೆ ಉಕ್ಕಿದ ಆ ನೆರೆಯನ್ನು ಹಿರಿಯರು ಇಂದಿಗೂ ‘ಮಾರಿ ಬೊಳ್ಳ’ ಎಂದೇ ಕರೆಯುತ್ತಾರೆ. ಬಡಗಣಕ್ಕೆ ಫಲ್ಗುಣಿ, ವೇಣೂರಿನ ಬಾಹುಬಲಿಯನ್ನು ಬಳಸಿ, ಪೊಳಲಿ ರಾಜರಾಜೇಶ್ವರಿಯ ದೇವಸ್ಥಾನದ ಪಕ್ಕದಿಂದ ಹಾದು ಕೆಳಗಿಳಿಯುತ್ತದೆ. ಎರಡೂ ಹೊಳೆಗಳು ಘಟ್ಟದ ಮೈಯಿಂದ ಇಳಿದು ಮಂಗಳೂರಿನ ಅಳಿವೆಯಲ್ಲಿ ಒಂದಾಗಿ ಕಡಲು ಸೇರುತ್ತವೆ. ನಡುವಿನ ನೆಲವೆಲ್ಲ ಏರು ಇಳಿವು. ಮೇಲೆ ಮುರಕಲ್ಲಿನ ಪದವು, ಕೆಳಗೆ ಬೈಲು, ಬೈಲಿನ ನಡುವೆ ತೋಡು, ತೋಡಿನ ಎರಡು ದಂಡೆಗೂ ಅಡಿಕೆ ತೋಟ.

ಇಷ್ಟೊಂದು ದಾರಿಗಳು ಹುಟ್ಟಿದ್ದಕ್ಕೆ ಈ ನೆಲದ ಗುಣವೇ ಕಾರಣ. ಘಟ್ಟದ ಮೇಲಿನ ಬಯಲುಸೀಮೆಯಲ್ಲಿ ಊರೆಂದರೆ ಮನೆಗೆ ಮನೆ ತಾಗಿದ ಓಣಿಗಳು. ಊರಿಗೊಂದು ರಸ್ತೆಯಾದರೆ ಕೆಲಸ ಮುಗಿಯಿತು. ತುಳುನಾಡಿನಲ್ಲಿ ಹಾಗಲ್ಲ. ನೀರು ಎಲ್ಲಿದೆಯೋ ಗದ್ದೆ ಅಲ್ಲಿ, ಗದ್ದೆ ಎಲ್ಲಿದೆಯೋ ಮನೆ ಅಲ್ಲಿ. ಒಂದು ಗುಡ್ಡದ ಬುಡಕ್ಕೊಂದು ಮನೆ, ಇನ್ನೊಂದು ಮನೆಗೆ ಕೂಗಿದರೆ ಕೇಳಿಸುವಷ್ಟು ದೂರ. ಮೊದಲು ಆ ಮನೆಗಳಿಗೆ ಕಾಲುದಾರಿ ಇತ್ತು, ತೋಡು ದಾಟಲು ಅಡಿಕೆಮರದ ಸಂಕ ಇತ್ತು. ಆಮೇಲೆ ಜೀಪು ಹೋಗುವಷ್ಟು ಮಣ್ಣಿನ ರಸ್ತೆಯಾಯಿತು. 2000ದಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ, ಆಮೇಲಿನ ‘ನಮ್ಮ ಗ್ರಾಮ ನಮ್ಮ ರಸ್ತೆ’, ಪಂಚಾಯತಿನ ಅನುದಾನ ಎಲ್ಲ ಸೇರಿ ಅನೇಕ ದಾರಿಗಳು ಡಾಮರು ಕಂಡವು. ಮಳೆಗೆ ಡಾಮರು ಕಿತ್ತುಹೋಗುವ ಏರುಗಳಿಗೆ ಕಾಂಕ್ರೀಟು ಬಿತ್ತು. ಹೀಗೆ ಯಾರೂ ಸೈಕಲ್ಲಿಗೆಂದು ಮಾಡದೆಯೇ ಸೈಕಲ್ಲಿಗೆ ಇದಕ್ಕಿಂತ ಒಪ್ಪುವ ದಾರಿ ಇಲ್ಲವೆಂಬಂಥ ಒಂದು ಜಾಲ ಆಗಿಬಿಟ್ಟಿತು. ಹಾಲಿನ ಡೈರಿಗೆ ಹೋಗುವ ಸ್ಕೂಟರು, ಒಂದು ರಿಕ್ಷಾ, ಬೆಳಿಗ್ಗೆ ಸಂಜೆ ಶಾಲೆಯ ವ್ಯಾನು, ಮೀನಿನ ಪೆಟ್ಟಿಗೆ ಕಟ್ಟಿಕೊಂಡು ಹಾರ್ನು ಊದುತ್ತ ಬರುವ ಬೈಕು: ಒಂದು ಬೆಳಗಿನ ಹೊತ್ತಿಗೆ ಎದುರಾಗುವುದು ಇಷ್ಟೆ.

ಪದವಿನಿಂದ ಬೈಲಿಗೆ ಇಳಿಯುವ ಸುಖವನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು. ಮೇಲೆ ಬಿಸಿಲು ಕಾದಿರುತ್ತದೆ. ಮುರಕಲ್ಲಿನ ಕಪ್ಪು ಬಂಡೆ, ಕುಂಟಲ, ನೇರಳೆ, ಗೇರುಮರ, ಒಂದು ಕಟ್ಟೆ, ಆಚೆ ಭಜನಾ ಮಂದಿರ. ರಸ್ತೆ ತಿರುಗುತ್ತದೆ, ಎರಡು ಕಡೆಯೂ ಕಡಿದ ಕೆಂಪು ಧರೆ ಎದ್ದು ನಿಲ್ಲುತ್ತದೆ, ಧರೆಯ ಮೇಲೆ ಹಾವಸೆ, ಜರಿಗಿಡ. ಪೆಡಲು ತುಳಿಯುವುದನ್ನು ನಿಲ್ಲಿಸಿದರೂ ಸೈಕಲ್ಲು ತಾನಾಗಿ ಓಡುತ್ತದೆ. ಎರಡನೇ ತಿರುವಿಗೆ ಗಾಳಿ ತಣ್ಣಗಾಗುತ್ತದೆ. ಮೂರನೆಯದಕ್ಕೆ ಒದ್ದೆ ಮಣ್ಣಿನ, ಕೊಳೆತ ಸೋಗೆಯ, ಸ್ಪ್ರಿಂಕ್ಲರ್ ನೀರಿನ ವಾಸನೆ. ನಾಲ್ಕನೆಯದರಲ್ಲಿ ಅಡಿಕೆ ತೋಟ ತಲೆಯ ಮೇಲೆ ಮುಚ್ಚಿಕೊಳ್ಳುತ್ತದೆ, ಬಿಸಿಲು ಚೂರುಚೂರಾಗಿ ರಸ್ತೆಗೆ ಬೀಳುತ್ತದೆ. ತಳದಲ್ಲಿ ಕಿಂಡಿ ಅಣೆಕಟ್ಟು. ಮಳೆ ಮುಗಿದು ಹರಿವು ಇಳಿದ ಮೇಲೆ ಕಿಂಡಿಗಳಿಗೆ ಹಲಗೆ ಇಳಿಸಿರುತ್ತಾರೆ. ಮೇಲ್ಗಡೆ ನೀರು ಕಟ್ಟಿ ನಿಂತಿರುತ್ತದೆ, ಕೆಳಗಡೆ ಬಂಡೆಗಳ ನಡುವೆ ಸಣ್ಣಗೆ ಸುರಿಯುತ್ತಿರುತ್ತದೆ. ಎಷ್ಟೋ ಅಣೆಕಟ್ಟುಗಳ ಮೇಲೆ ಬಸ್ಸು ಹೋಗದ, ಸೈಕಲ್ಲು ಸಲೀಸಾಗಿ ಹೋಗುವ ಅಗಲದ ಸಂಕ ಇರುತ್ತದೆ. ಅದನ್ನು ದಾಟಿದರೆ ಆಚೆ ದಂಡೆಯ ಏರು. ಅಲ್ಲಿ ಸಣ್ಣ ಗೇರಿಗೆ ಹಾಕಿ ಉಸಿರಿನ ಲೆಕ್ಕದಲ್ಲಿ ಹತ್ತಬೇಕು, ಇಲ್ಲವೇ ಇಳಿದು ತಳ್ಳಿಕೊಂಡು ಹೋಗಬೇಕು. ಎರಡೂ ಚೆಂದವೇ.

ಏರಿನ ತುದಿಯ ಮನೆಯ ಅಂಗಳದಲ್ಲಿ ಅಡಿಕೆ ಹರಡಿರುತ್ತದೆ. ನಲವತ್ತು ದಿನಗಳ ಬಿಸಿಲು ಉಣ್ಣಬೇಕಾದ ಅಡಿಕೆ, ಕೆಂಬಣ್ಣದಿಂದ ಕಂದಿಗೆ ತಿರುಗುತ್ತಿರುತ್ತದೆ. ಅಜ್ಜಿಯೊಬ್ಬರು ಬರಿಗಾಲಿನಲ್ಲಿ ಅಡಿಕೆಯ ನಡುವೆ ಗೆರೆ ಎಳೆದ ಹಾಗೆ ನಡೆದು ಕಾಲಿನಿಂದಲೇ ಅದನ್ನು ಮಗುಚುತ್ತಾರೆ. “ಓಡೆಗ್ ಪೋಪುನಿ?” ಎಂದು ಅಲ್ಲಿಂದಲೇ ಕೇಳುತ್ತಾರೆ. ವೇಣೂರಿಗೆ ಎಂದರೆ, “ಈ ಬಿಸಿಲಿಗಾ? ಬಾಯಾರಿಕೆ ಕುಡಿದು ಹೋಗಿ ಮಾರಾಯ್ರೆ” ಎಂದು ಒಳಗೆ ಹೋಗಿ ಚೆಂಬಿನಲ್ಲಿ ಬಾವಿಯ ನೀರು, ತಟ್ಟೆಯಲ್ಲಿ ಬೆಲ್ಲದ ತುಂಡು ತರುತ್ತಾರೆ. ಕಾರಿನಲ್ಲಿ ಹೋಗುವವರನ್ನು ಯಾರೂ ಹೀಗೆ ಕೇಳುವುದಿಲ್ಲ. ಕೇಳುವಷ್ಟು ಹೊತ್ತು ಅವರು ಕಣ್ಣಿಗೆ ಬೀಳುವುದೂ ಇಲ್ಲ.

ಫ್ರಾನ್ಸಿನ ಹಳ್ಳಿಗಾಡಿನ ಸೈಕಲ್ ದಾರಿಗಳ ಬಗ್ಗೆ ಓದುವಾಗೆಲ್ಲ ನನಗೆ ಈ ತ್ರಿಕೋನದ ನೆನಪಾಗುತ್ತದೆ. ಅಲ್ಲಿ ರೈಲು ನಿಂತುಹೋದ ಹಳಿದಾರಿಗಳನ್ನೂ ಕಾಲುವೆಯ ದಂಡೆಗಳನ್ನೂ ಮೋಟಾರು ವಾಹನಗಳಿಲ್ಲದ ಹಸಿರು ದಾರಿಗಳನ್ನಾಗಿ ಮಾಡಿದ್ದಾರೆ. ಬರ್ಗಂಡಿಯ ಜಿವ್ರಿಯಿಂದ ಕ್ಲೂನಿಗೆ ಹೋಗುವ ದಾರಿ 1997ರಲ್ಲಿ ತೆರೆಯಿತು. ಆ ದೇಶದ ಮೊದಲ ಹಸಿರು ದಾರಿ ಅದು. ನನ್ನ ಮನಸ್ಸು ಹೆಚ್ಚು ಹೋಗುವುದು ಬೋರ್ಡೋ ಪಟ್ಟಣದ ಹೊರಗಿನಿಂದ ಸೋವ್‌ಟೇರ್ ಎಂಬ ಊರಿನವರೆಗೆ ಹಳೆಯ ರೈಲುಹಾದಿಯ ಮೇಲೆ ಸಾಗುವ ದಾರಿಯ ಕಡೆಗೆ. ಅದೂ ಎರಡು ಹೊಳೆಗಳ ನಡುವಿನ ನೆಲ. ಗರೋನ್ ಮತ್ತು ದೊರ್ದೋನ್ಯ್ ನದಿಗಳು ಅದನ್ನು ಬಳಸಿ ಹರಿದು, ನಮ್ಮ ನೇತ್ರಾವತಿ ಫಲ್ಗುಣಿಯರ ಹಾಗೆ, ಕಡಲಿಗೆ ಮೊದಲು ಒಂದಾಗುತ್ತವೆ. ಇಲ್ಲಿ ಅಡಿಕೆ ಇದ್ದ ಜಾಗದಲ್ಲಿ ಅಲ್ಲಿ ದ್ರಾಕ್ಷಿ. ಆ ದಾರಿಗೆ ಸೈಕಲ್ ಸವಾರ ರೊಜೆ ಲಾಪೆಬಿಯ ಹೆಸರಿಟ್ಟಿದ್ದಾರೆ. 1937ರ ಟೂರ್ ದ ಫ್ರಾನ್ಸ್ ಗೆದ್ದವನು ಅವನು. ಓಡುತ್ತಲೇ ಗೇರು ಬದಲಿಸುವ ಡಿರೇಲರ್‌ಗೆ ಆ ಸ್ಪರ್ಧೆಯಲ್ಲಿ ಒಪ್ಪಿಗೆ ಸಿಕ್ಕಿದ್ದೂ ಅದೇ ವರ್ಷ. ವಾಮದಪದವಿನ ಏರನ್ನು ಕೂತೇ ಹತ್ತುವವರಿಗೆ ಆ ಗೇರಿನ ಬೆಲೆ ಚೆನ್ನಾಗಿ ಗೊತ್ತು.

ಬೋರ್ಡೋ ಎಂಬ ಹೆಸರಾದರೂ ನಮ್ಮ ತೋಟಗಳಿಗೆ ಹೊಸತಲ್ಲ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮಳೆಗಾಲದ ಹೊಳವು ನೋಡಿ ಅಡಿಕೆ ಗೊನೆಗಳಿಗೆ ಬಿಡುವ ಬೋರ್ಡೋ ಮದ್ದು ಅದು. ಆ ಮದ್ದು ಹುಟ್ಟಿದ್ದು ದಾರಿಯ ಬದಿಯಲ್ಲಿ. ಹೋಗಿಬರುವವರು ಹಣ್ಣು ಕೀಳದಿರಲಿ ಎಂದು ಅಲ್ಲಿನ ರೈತರು ರಸ್ತೆಯಂಚಿನ ದ್ರಾಕ್ಷಿಬಳ್ಳಿಗಳಿಗೆ ಸುಣ್ಣ ಮೈಲುತುತ್ತು ಬಳಿಯುತ್ತಿದ್ದರು. ಬಳಿದ ಬಳ್ಳಿಗಳಿಗೆ ರೋಗ ತಗಲದ್ದನ್ನು 1882ರಲ್ಲಿ ಗಮನಿಸಿದ ವಿಜ್ಞಾನಿ ಮಿಲಾರ್ದೆ, ಪ್ರಯೋಗಗಳನ್ನು ನಡೆಸಿ 1885ರಲ್ಲಿ ಅದನ್ನು ಲೋಕಕ್ಕೆ ತಿಳಿಸಿದರು. ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್‌ಮನ್ ಅದನ್ನು ಅಡಿಕೆಯ ಕೊಳೆರೋಗಕ್ಕೆ ಪ್ರಯೋಗಿಸಿ ಗೆದ್ದರು. ದಾರಿಹೋಕನ ಕಣ್ಣು ನಿಧಾನವಾಗಿದ್ದರೆ ಎಂಥದು ಸಿಗಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ.

ನಿಧಾನವಾಗಿ ನೋಡಲು ಈ ತ್ರಿಕೋನದಲ್ಲಿ ಏನು ಕಡಿಮೆ? ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರದು. ಬೆಳಗಿನ ತಂಪಿನಲ್ಲಿ ಅಲ್ಲಿಂದ ಹೊರಟರೆ ಬಿಸಿಲೇರುವ ಮೊದಲೇ ವೇಣೂರು. 1604ರಲ್ಲಿ ತಿಮ್ಮಣ್ಣ ಅಜಿಲ ನಿಲ್ಲಿಸಿದ 35 ಅಡಿಯ ಬಾಹುಬಲಿ ಫಲ್ಗುಣಿಯ ದಂಡೆಯಲ್ಲಿ ನಿಂತಿದ್ದಾನೆ. ಮುಂದೆ ಗುರುವಾಯನಕೆರೆಯ ಹರಹು. ಅಲ್ಲಿಂದಾಚೆ ಗದ್ದೆಗಳ ತೆರಪು ಸಿಕ್ಕಲ್ಲೆಲ್ಲ ಗಡಾಯಿಕಲ್ಲು ತಲೆಯೆತ್ತುತ್ತದೆ. 1794ರಲ್ಲಿ ಟಿಪ್ಪು ಕೋಟೆ ಕಟ್ಟಿ ಜಮಾಲಾಬಾದ್ ಎಂದು ಕರೆದ ಆ ಒಂಟಿ ಬಂಡೆಯ ಹಿಂದೆ ಕುದುರೆಮುಖದ ಸಾಲು ನೀಲಿಯಾಗಿ ಹಬ್ಬಿರುತ್ತದೆ. ಮರಳುವಾಗ ಪುಂಜಾಲಕಟ್ಟೆಯ ಕಡೆಯಿಂದ ಒಳಹೊಕ್ಕರೆ ಕಾರಿಂಜ. ಮೇಲೆ ಈಶ್ವರ, ಕೆಳಗೆ ಪಾರ್ವತಿ, ನಡುವೆ ಬಂಡೆ ಹತ್ತುವ ಮೆಟ್ಟಿಲು. ತುದಿಯಲ್ಲಿ ನಿಂತು ನೋಡಿದರೆ ಸುತ್ತ ಅಡಿಕೆ ತೆಂಗಿನ ತಲೆಗಳೇ ತಲೆಗಳು. ತುಳಿದು ಬಂದ ದಾರಿ ಮಾತ್ರ ಎಲ್ಲೂ ಕಾಣುವುದಿಲ್ಲ. ಅಷ್ಟು ಸಣ್ಣದು ಅದು, ಅಷ್ಟು ನೆರಳಿನದು.

ಆ ನೆರಳಿನ ಬಗ್ಗೆಯೇ ನನ್ನ ಕಾಳಜಿ. ಒಳರಸ್ತೆಗೂ ಈಗ ಅಗಲದ ಆಸೆ ಹತ್ತಿದೆ. ಧರೆ ಕಡಿಯುತ್ತಾರೆ, ಬದಿಯ ಹಲಸು ಮಾವು ಉರುಳುತ್ತವೆ, ಮುಂದಿನ ಮಳೆಗೆ ಕಡಿದ ಧರೆ ಜರಿಯುತ್ತದೆ. ಮನೆಯಂಗಳಕ್ಕೆ ಆಂಬುಲೆನ್ಸ್ ಬರಬೇಕು, ಅಡಿಕೆ ಸಾಗಿಸಲು ಪಿಕಪ್ ಬರಬೇಕು, ಸರಿಯೇ. ಅದಕ್ಕೆ ರಸ್ತೆ ಗಟ್ಟಿಯಿದ್ದರೆ ಸಾಕು; ಅಲ್ಲಲ್ಲಿ ಸೈಡು ಕೊಡುವಷ್ಟು ಜಾಗ, ನೀರು ಹೋಗಲು ಚರಂಡಿ, ಕಾಂಕ್ರೀಟಿನ ಅಂಚಿಗೆ ಮಣ್ಣು ತುಂಬಿಸಿದರೆ ಸಾಕು. ಎಲ್ಲ ದಾರಿಯನ್ನೂ ಲಾರಿ ಓಡುವಷ್ಟು ಮಾಡಬೇಕಾಗಿಲ್ಲ. ಗ್ರಾಮಸಭೆಯಲ್ಲಿ ರಸ್ತೆ ಕೇಳುವಾಗ ಮರವನ್ನೂ ಸೇರಿಸಿ ಕೇಳೋಣ. ಯಾವ ಒಳದಾರಿ ಎಲ್ಲಿಗೆ ಕೂಡುತ್ತದೆ ಎಂದು ಕವಲುಗಳಲ್ಲಿ ಕನ್ನಡದ ಫಲಕ ನೆಟ್ಟರೆ ಹೊರಗಿನ ಸವಾರರೂ ಬಂದಾರು, ಶಾಲೆಗೆ ಸೈಕಲ್ಲಿನಲ್ಲಿ ಹೋಗಲು ಮಕ್ಕಳಿಗೂ ಧೈರ್ಯ ಬಂದೀತು.

ಫ್ರಾನ್ಸಿನವರಿಗೆ ರೈಲು ಹೋದ ಮೇಲೆ ಉಳಿದ ದಾರಿಯನ್ನು ಸೈಕಲ್ಲಿಗೆ ಕಟ್ಟಿಕೊಳ್ಳಬೇಕಾಯಿತು. ನಮಗೆ ಹೊಸದಾಗಿ ಕಟ್ಟುವ ಖರ್ಚೇ ಇಲ್ಲ. ಇರುವುದನ್ನು ಇರುವ ಹಾಗೆ ಉಳಿಸಿಕೊಳ್ಳುವ ಮನಸ್ಸು ಬೇಕು. ಆ ಮನಸ್ಸು ಬರುವುದು ತುಳಿದು ನೋಡಿದವರಿಗೆ. ದೀಪಾವಳಿಯಿಂದ ಶಿವರಾತ್ರಿಯ ತನಕ ಈ ದಾರಿಗಳ ಒಳ್ಳೆಯ ಕಾಲ. ಬ್ರೇಕು ಸರಿಯಿದೆಯೇ ನೋಡಿ, ಟಯರಿಗೆ ಗಾಳಿ ತುಂಬಿಸಿ, ಬೆಳಿಗ್ಗೆ ಬೇಗ ಹೊರಡಿ. ಹೆದ್ದಾರಿಯಲ್ಲಿ ಸಿಗುವ ಮೊದಲ ಗೂಡಂಗಡಿಯಲ್ಲಿ ಚಾ ಕುಡಿದು, ವೇಣೂರಿಗೆ ಒಳದಾರಿ ಯಾವುದೆಂದು ಕೇಳಿ. ಒಬ್ಬರಲ್ಲ, ನಾಲ್ಕು ಜನ ಹೇಳುತ್ತಾರೆ, ನಾಲ್ಕೂ ಬೇರೆ ಬೇರೆ ದಾರಿ. ಯಾವುದನ್ನು ಹಿಡಿದರೂ ತಲುಪುತ್ತೀರಿ.