ಹಾಡು ಶುರುವಾದಾಗ ಕುಳ್ಳ ಎಲ್ಲಿ ಹೋಗ್ತಿದ್ದ?

16 ಏಪ್ರಿಲ್ 2024, ಮಂಗಳವಾರ

ಸಿನಿಮಾದ ಕುಳ್ಳ ದ್ವಾರಕೀಶ್ ಹೋದರು. ಫಸ್ಟ್ ಶಿಫ್ಟಿನಲ್ಲಿದ್ದೆ, ಮೊಬೈಲ್ ಗೇಟಿನ ಲಾಕರಿನಲ್ಲಿತ್ತು. ಸಾಲ್ವೆಂಟ್ ಇರುವ ಪ್ಲಾಂಟಿನೊಳಗೆ ಒಯ್ಯುವಂತಿಲ್ಲ. ಮೂರು ಗಂಟೆಗೆ ಹೊರಬಂದು ನೋಡಿದರೆ ಊರಿನ ಗ್ರೂಪಿನ ತುಂಬ ಅವರದೇ ಫೋಟೋ. 81 ವರ್ಷ. ಹೆಂಡತಿ ಅಂಬುಜಾ ತೀರಿಕೊಂಡದ್ದೂ 2021ರ ಇದೇ ಏಪ್ರಿಲ್ 16ರಂದು ಎಂದು ಯಾರೋ ಬರೆದಿದ್ದರು.

ಬಾಯ್ಲರ್ ಹೌಸಿನ ಹಿಂದೆ ಬೇವಿನ ಗಿಡದ ಕೆಳಗೆ ನಮ್ಮ ಕುಳ್ಳ ಡಬ್ಬಿ ತೊಳೆಯುತ್ತಿದ್ದ. ಸುದ್ದಿ ಹೇಳಿದೆ. ನೀರು ಚೆಲ್ಲಿ, ಡಬ್ಬಿ ಬೋರಲು ಹಾಕಿ, "ಒಬ್ಬ ಹೋದ. ನಾ ಇನ್ನೂ ಇದ್ದೀನಿ, ಚಿಂತಿ ಮಾಡಬ್ಯಾಡ" ಅಂದ.

ಅವನಿಗೆ ಕುಳ್ಳ ಎಂದು ಹೆಸರಿಟ್ಟವನು ನಾನು. ಒಂಬತ್ತು ವರ್ಷವಾಯಿತು. ಇಂಡಿ ತಾಲೂಕಿನ ಹುಡುಗ, ಭೀಮಾ ದಂಡೆಯ ಹಳ್ಳಿ, ಐದಡಿಗಿಂತ ಸ್ವಲ್ಪವೇ ಎತ್ತರ, ಬಾಯಿ ತೆಗೆದರೆ ನಗೆಚಾಟಿಕೆ. ಬೇರೆ ಹೆಸರು ಹೊಳೆಯಲಿಲ್ಲ. ಮರಾಠಿ ಮಂದಿ ಸರಿಯಾಗಿ ಕುಳ್ಳಾ ಅನ್ನುತ್ತಾರೆ. ಬಿಹಾರದ ಹುಡುಗರ ನಾಲಿಗೆಗೆ ಳಕಾರ ಹೊರಳುವುದಿಲ್ಲ, ಕುಲ್ಲಾ ಅನ್ನುತ್ತಾರೆ. ಮರಾಠಿಯಲ್ಲಿ ಅದರ ಅರ್ಥ ಕುಂಡಿ. ಅವರು ಕೂಗಿದಾಗಲೆಲ್ಲ ಇಡೀ ಕ್ಯಾಂಟೀನು ನಗುತ್ತದೆ. ಅವನೂ ನಗುತ್ತಾನೆ.

18 ಏಪ್ರಿಲ್, ಗುರುವಾರ

ಎರಡು ರಾತ್ರಿಯಿಂದ ರೂಮಿನಲ್ಲಿ ಬರೇ ದ್ವಾರಕೀಶ್. ಸೆಖೆಗೆ ನಿದ್ದೆಯೂ ಇಲ್ಲ. ಗಾಳಿ ತಿರುಗಿದರೆ ಕುರಕುಂಭದ ಎಮ್‌ಐಡಿಸಿ ಕಾರ್ಖಾನೆಗಳ ವಾಸನೆ ಕಿಟಕಿಯೊಳಗೆ ಬರುತ್ತದೆ, ಮುಚ್ಚಿದರೆ ಬೇಯುತ್ತೇವೆ. ನಾನು ಹಳೇ ಹಾಡು ಹಾಕಿಕೊಂಡು ಬಿದ್ದಿರುತ್ತೇನೆ. ನಮ್ಮ ಕುಳ್ಳ ಗೋಡೆಗೆ ಮುಖ ಮಾಡಿ ಏನೋ ಓದುತ್ತಿರುತ್ತಾನೆ.

ವಿಷ್ಣುವರ್ಧನ್‌ಗೆ ನಾಯಕಿ ಸಿಕ್ಕು ಹಾಡು ಶುರುವಾದ ಕೂಡಲೇ ಸಿನಿಮಾದ ಕುಳ್ಳ ಮಾಯವಾಗುತ್ತಾನೆ. ನಾಲ್ಕೈದು ನಿಮಿಷ ಅವನು ಎಲ್ಲಿದ್ದ, ಉಂಡನೋ ಬಿಟ್ಟನೋ, ಕೇಳುವವರಿಲ್ಲ. ಹಾಡು ಮುಗಿದು ಕಷ್ಟ ಬಂತೋ, ಹಾಜರ್. ಚಿಕ್ಕವನಿದ್ದಾಗ ನನಗೆ ಇಷ್ಟವಾದದ್ದೇ ಇದು: ಕರೆಯದೆ ಬರುವವನು, ಹೇಳದೆ ಹೋಗುವವನು. ದೋಸ್ತ ಅಂದರೆ ಹೀಗಿರಬೇಕು ಅಂದುಕೊಂಡಿದ್ದೆ.

ಇಂಥ ದೋಸ್ತ ನನಗೆ ಸಿಕ್ಕಿದ್ದಾನೆ ಕೂಡ. ನಾಲ್ಕು ವರ್ಷದ ಹಿಂದಿನ ಮೇ ತಿಂಗಳು. ಕಾಸ್ಟಿಕ್ ಲೈಯಿನ ಲೈನು ಬಿಚ್ಚುವಾಗ ಬೆವರು ಒರೆಸಿಕೊಳ್ಳಲೆಂದು ಗಾಗಲ್ ಮೇಲೆತ್ತಿದೆ. ತಪ್ಪು ನನ್ನದೇ. ಅಷ್ಟರಲ್ಲಿ ಫ್ಲಾಂಜಿನಿಂದ ಸಿಡಿದು ಮುಖಕ್ಕೆ ಬಿತ್ತು. ಸ್ಟೀಮ್ ಪ್ರೆಶರ್ ಕೇಳಲು ಬಾಯ್ಲರ್ ಕಡೆಯಿಂದ ಬಂದಿದ್ದ ಇವನು ನನ್ನ ಕಾಲರ್ ಹಿಡಿದು ದರದರ ಎಳೆದೊಯ್ದು ಸೇಫ್ಟಿ ಶವರಿನ ಕೆಳಗೆ ನಿಲ್ಲಿಸಿದ. ಹದಿನೈದು ನಿಮಿಷವಾದರೂ ನೀರು ಬೀಳುತ್ತಲೇ ಇರಬೇಕು, ಟ್ರೇನಿಂಗಿನಲ್ಲಿ ಎಲ್ಲರಿಗೂ ಹೇಳಿದ್ದಾರೆ. ಎರಡನೇ ನಿಮಿಷಕ್ಕೇ ಓಡಿಹೋಗಬೇಕೆನ್ನಿಸುತ್ತದೆ ಎಂಬುದನ್ನು ಮಾತ್ರ ಯಾರೂ ಹೇಳಿರುವುದಿಲ್ಲ. ನನಗಿಂತ ಒಂದು ಗೇಣು ಗಿಡ್ಡ ಇದ್ದವನು ತುದಿಗಾಲ ಮೇಲೆ ನಿಂತು ಎರಡೂ ಕೈಯಿಂದ ನನ್ನ ರೆಪ್ಪೆ ಬಿಡಿಸಿ ಹಿಡಿದಿದ್ದ. ಬಾಯಿ ಮಾತ್ರ ಬಿಡುವಿಲ್ಲದೆ ನಡೆದಿತ್ತು. ಸಿನಿಮಾದ ಕುಳ್ಳನ ದನಿ, ಬಾಲಕೃಷ್ಣನ ದನಿ, ನಮ್ಮ ಶಿಫ್ಟ್ ಇಂಜಿನಿಯರನ ದನಿ, ಒಂದಾದ ಮೇಲೆ ಒಂದು. ಅಳುತ್ತಾ ನಗುತ್ತಿದ್ದೆ. ಆಮೇಲೆ ಕಣ್ಣಿನ ಡಾಕ್ಟರು, ಇಷ್ಟು ಹೊತ್ತು ತೊಳೆದದ್ದಕ್ಕೇ ಉಳಿಯಿತು ಅಂದರು.

ಅವತ್ತು ಅವನ ಅಂಗೈಯೂ ಸುಟ್ಟಿತ್ತು. ನನಗೆ ಗೊತ್ತಾದದ್ದು ವಾರದ ಮೇಲೆ, ಅವನು ಎಡಗೈಯಿಂದ ಉಣ್ಣುವುದನ್ನು ಕಂಡಾಗ.

21 ಏಪ್ರಿಲ್, ರವಿವಾರ

ಪಾಟಸ್ ಕಡೆಯ ಫಿಟ್ಟರ್ ಕಾಕಾ ಮಾವಿನಹಣ್ಣು ತಂದಿದ್ದರು. ಕುಳ್ಳ ದೌಂಡಿಗೆ ಹೋಗಿದ್ದ. ರವಿವಾರ ಅವನು ದೌಂಡಿಗೆ ಹೋಗುತ್ತಾನೆ, ಸಂಜೆ ಬರುತ್ತಾನೆ.

ಮಾತು ಸಿನಿಮಾಕ್ಕೆ ತಿರುಗಿತು. ನೀವು ಏನೇ ಹೇಳಿ, ದೋಸ್ತರ ಸಿನಿಮಾ ಅಂದರೆ 'ಅಶೀ ಹೀ ಬನವಾ ಬನವೀ', ಮುಂದೆ ಮಾತಿಲ್ಲ ಎಂದರು ಕಾಕಾ. 1988ರದು, ಸಚಿನ್ ಪಿಳಗಾಂವಕರ್ ನಿರ್ದೇಶನ. ಪುಣೆಯಲ್ಲಿ ಬಾಡಿಗೆಗೆ ರೂಮು ಸಿಗದ ನಾಲ್ವರು, ಗಂಡ ಹೆಂಡಿರಿಗೆ ಮಾತ್ರ ಮನೆ ಅನ್ನುವ ಮುದುಕಿ, ಇಬ್ಬರು ಸೀರೆ ಉಡುತ್ತಾರೆ. ನಾನೂ ಹತ್ತು ಸಲ ನೋಡಿದ್ದೇನೆ. ಕುರಕುಂಭದಲ್ಲಿ ಒಂಟಿ ಗಂಡಸಾಗಿ ರೂಮು ಹುಡುಕಿದವರಿಗೆ ಅದು ಬರೇ ತಮಾಷೆಯಲ್ಲ. ಅದರಲ್ಲೂ ಈ ಫೆಬ್ರವರಿಯಲ್ಲಿ ಇಲ್ಲಿನ ಒಂದು ಫ್ಯಾಕ್ಟರಿಯಲ್ಲಿ ಪೊಲೀಸರಿಗೆ ಕ್ವಿಂಟಲ್‌ಗಟ್ಟಲೆ ಮೆಫೆಡ್ರೋನ್ ಸಿಕ್ಕ ಮೇಲೆ, ಕೆಮಿಕಲ್ ಕಂಪನಿಯವನು ಎಂದರೆ ಮನೆಮಾಲೀಕರು ಮುಖವನ್ನೇ ಬೇರೆ ಥರ ನೋಡುತ್ತಾರೆ.

"ಅಶೋಕ್ ಸರಾಫ್ ಹೀರೋನೋ, ಕಾಮಿಡಿಯನ್ನೋ?" ಎಂದು ಕಾಕಾ ಕೇಳಿದರು. ಉತ್ತರ ಬರಲಿಲ್ಲ. ಆ ಚಿತ್ರದಲ್ಲಿ ಯಾರೂ ಯಾರ ಹಿಂದೆಯೂ ನಿಲ್ಲುವುದಿಲ್ಲ, ನಾಲ್ವರೂ ಮುಂದೆಯೇ. "ನಿಮ್ಮ ಕನ್ನಡದಾಗ ಒಬ್ಬ ಮುಂದ, ಒಬ್ಬ ಹಿಂದ" ಎಂದು ಅರ್ಧಂಬರ್ಧ ಕನ್ನಡದಲ್ಲೇ ಕೆಣಕಿದರು.

ನಾನು ಬಿಡಲಿಲ್ಲ. ತೆರೆಯ ಮೇಲೆ ಹಿಂದೆ ನಿಂತವರೇ ತೆರೆಯಾಚೆ ಏನೆಲ್ಲ ಹೊತ್ತಿದ್ದರು ಗೊತ್ತೇ ಎಂದೆ. ನರಸಿಂಹರಾಜು 'ಬೇಡರ ಕಣ್ಣಪ್ಪ'ಕ್ಕೆ ಬಂದದ್ದು 1954ರಲ್ಲಿ, ರಾಜ್‌ಕುಮಾರ್ ಜೊತೆಯಲ್ಲೇ. ಕೆಲಸ ಕಡಿಮೆಯಾದಾಗ ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಸೇರಿ ಕಲಾವಿದರ ಸಂಘ ಕಟ್ಟಿ, ಊರೂರಿಗೆ ನಾಟಕ ಒಯ್ದು, 1960ರಲ್ಲಿ 'ರಣಧೀರ ಕಂಠೀರವ' ತೆಗೆದರು. ನಾಯಕನೂ ನಗಿಸುವವರೂ ಒಂದೇ ಸಾಲಕ್ಕೆ ಪಾಲುದಾರರು. ದ್ವಾರಕೀಶ್ ಅಂತೂ ಮೈಸೂರಿನಲ್ಲಿ ಆಟೋ ಬಿಡಿಭಾಗಗಳ ಅಂಗಡಿಯಲ್ಲಿದ್ದವರು. ಇಪ್ಪತ್ತೇಳು ತುಂಬುವ ಹೊತ್ತಿಗೆ, 1969ರಲ್ಲಿ, ರಾಜ್‌ಕುಮಾರ್‌ರನ್ನು ಹಾಕಿಕೊಂಡು 'ಮೇಯರ್ ಮುತ್ತಣ್ಣ' ತೆಗೆದರು. ಸಿದ್ಧಲಿಂಗಯ್ಯನವರಿಗೆ ಮೊದಲ ನಿರ್ದೇಶನ ಕೊಟ್ಟದ್ದೂ ಅದೇ ಚಿತ್ರ. ನಾಯಕನ ಹಿಂದೆ ಓಡುವ ಕುಳ್ಳನೇ ನಾಯಕನಿಗೆ ಸಂಬಳ ಕೊಡುವ ಧಣಿ!

ಕಾಕಾ ಹಣ್ಣಿನ ಗೊರಟೆ ಚೀಪುತ್ತಾ, "ಹಂಗಾದ್ರ ನಿಮ್ಮ ಕುಳ್ಳ ಏನ್ ಮಾಡ್ತಾನ ದೌಂಡದಾಗ, ಪ್ರತಿ ರವಿವಾರ?" ಅಂದರು.

ಮಾರ್ಕೆಟ್ಟಿಗೆ ಹೋಗುತ್ತಾನೆ ಅಂದೆ. ಅವನು ಬರುವಾಗ ಚೀಲ ತಂದದ್ದು ನೆನಪಾಗಲಿಲ್ಲ.

26 ಏಪ್ರಿಲ್, ಶುಕ್ರವಾರ

ಇವತ್ತು ಗೊತ್ತಾಯಿತು. ಅವನಿಂದಲ್ಲ, ಟೈಮ್ ಆಫೀಸಿನ ಕಿಟಕಿಯಿಂದ. "ನಿನ್ನ ದೋಸ್ತ ರಾಜೀನಾಮೆ ಕೊಟ್ಟಾನ, ನೋಟೀಸ್ ಪಿರಿಯಡ್ ಮೇ ಐದಕ್ಕ ಮುಗೀತದ. ನಿನಗ ಗೊತ್ತಿಲ್ಲೇನು?"

ಗೊತ್ತಿದೆ ಅಂದೆ. ಸುಳ್ಳು.

ಸೆಕೆಂಡ್ ಕ್ಲಾಸ್ ಬಾಯ್ಲರ್ ಅಟೆಂಡಂಟ್ ಪರೀಕ್ಷೆ ಪಾಸಾಗಿದ್ದಾನೆ. ಸರ್ಟಿಫಿಕೇಟು ಇದ್ದವನು ಮುಂದೆ ನಿಲ್ಲದೆ ಬಾಯ್ಲರ್ ನಡೆಸುವಂತಿಲ್ಲ ಎನ್ನುತ್ತದೆ ಕಾಯ್ದೆ, ಆದ್ದರಿಂದ ಆ ಕಾಗದಕ್ಕೆ ಬೆಲೆ ಇದೆ. ಊರ ಹತ್ತಿರದ ಸಕ್ಕರೆ ಕಾರ್ಖಾನೆಯೊಂದರಲ್ಲಿ ಕೆಲಸವೂ ಸಿಕ್ಕಿದೆ. ದೌಂಡಿನಲ್ಲಿ ರೈಲ್ವೆಯಿಂದ ನಿವೃತ್ತರಾದ ಒಬ್ಬರ ಮನೆಯಲ್ಲಿ ರವಿವಾರ ಪಾಠ, ಎರಡು ವರ್ಷದಿಂದ, ಪಾಸಾದ ಮೇಲೂ ಬಿಟ್ಟಿಲ್ಲ. ಗೋಡೆಗೆ ಮುಖ ಮಾಡಿ ಓದುತ್ತಿದ್ದದ್ದು ಇದನ್ನೇ.

ರೂಮಿಗೆ ಬಂದವನೇ ಕೂಗಾಡಿದೆ. ಒಂಬತ್ತು ವರ್ಷ ಒಂದೇ ತಾಟಿನಾಗ ಉಂಡೀವಿ, ಹೇಳಬೇಕು ಅನಸಲಿಲ್ಲೇನು ನಿನಗ?

ಅವನು ಒಲೆಯ ಮೇಲಿನ ಬ್ಯಾಳಿ ಕೆಳಗಿಳಿಸಿದ. "ನೀ ಯಾವತ್ತರ ಕೇಳಿದಿ ಏನು?"

ಜಗಳವಾದರೂ ಆಗಿದ್ದರೆ ಹಗುರಾಗುತ್ತಿತ್ತು. ಅವನು ಎಂದಿನಂತೆ ನನಗೇ ಮೊದಲು ಬಡಿಸಿದ.

27 ಏಪ್ರಿಲ್, ಶನಿವಾರ

ನೈಟ್ ಶಿಫ್ಟ್. ರಿಯಾಕ್ಟರಿನ ಟೆಂಪರೇಚರ್ ಬರೆದುಕೊಳ್ಳುವ ಪಟ್ಟಿಯ ಹಿಂಬದಿಗೆ ಇದನ್ನು ಗೀಚುತ್ತಿದ್ದೇನೆ, ಬೆಳಿಗ್ಗೆ ನಕಲು ಮಾಡಿಕೊಳ್ಳಬೇಕು.

ಜನವರಿಯಲ್ಲಿ ಚಿಕ್ಕಣ್ಣನ 'ಉಪಾಧ್ಯಕ್ಷ' ಬಂದಾಗ ಸೋಲಾಪುರದ ತನಕ ಹೋಗಿ ಅಲ್ಲಿಂದ ವಿಜಯಪುರಕ್ಕೆ ಬಸ್ ಹಿಡಿದು ನೋಡೋಣ ಅಂದಿದ್ದ. ಗಾರೆ ಕೆಲಸ ಮಾಡಿಕೊಂಡಿದ್ದ ಹುಡುಗ, 2014ರ 'ಅಧ್ಯಕ್ಷ'ದಲ್ಲಿ ಶರಣ್ ಹಿಂದೆ ಓಡಾಡಿದ ಉಪಾಧ್ಯಕ್ಷ, ಹತ್ತು ವರ್ಷಕ್ಕೆ ಅದೇ ಪಾತ್ರ ಹಿಡಿದು ಹೀರೋ ಆಗಿದ್ದಾನೆ ಎಂದು ಅವನಿಗೆ ಎಷ್ಟು ಖುಷಿ. ನಾನು, "ಚಿಕ್ಕಣ್ಣ ಹೀರೋ ಆದ್ರ ಯಾರ್ ನೋಡ್ತಾರಲೇ" ಅಂದಿದ್ದೆ. ಅವನು ನಕ್ಕು ಸುಮ್ಮನಾಗಿದ್ದ. ಪರೀಕ್ಷೆಯ ಫಲಿತಾಂಶ ಬಂದದ್ದೂ ಅದೇ ವಾರ ಎಂದು ನಿನ್ನೆ ಲೆಕ್ಕ ಹಾಕಿದೆ. ಸಿನಿಮಾ ನೆಪವಾಗಿತ್ತೇ?

ಇನ್ನೊಂದು ಲೆಕ್ಕವೂ ಇದೆ. ಮಗಳನ್ನು ಸಾಲಿಗೆ ಹಚ್ಚುವಾಗ ಅವನಿಂದ ಹದಿನೈದು ಸಾವಿರ ಇಸಿದುಕೊಂಡಿದ್ದೆ. ಎರಡು ವರ್ಷದ ಮೇಲಾಯಿತು. ಅರ್ಧ ಮರೆತಿದ್ದೆ, ಇನ್ನರ್ಧ ಅವನು ಕೇಳುವುದಿಲ್ಲ ಎಂಬ ಧೈರ್ಯ. 'ಸತ್ಯ ಹರಿಶ್ಚಂದ್ರ'ದ ನಕ್ಷತ್ರಿಕ ನೆನಪಾಗುತ್ತಾನೆ. 1965ರ ಚಿತ್ರ, ಅದೇ ನರಸಿಂಹರಾಜು, ಸಾಲಕ್ಕಾಗಿ ರಾಜನ ಬೆನ್ನು ಬಿಡದವನು. ಎಲ್ಲರೂ ನಕ್ಷತ್ರಿಕನನ್ನು ಬಯ್ಯುತ್ತಾರೆ. ಕೇಳುವವನು ಒಬ್ಬನಿದ್ದದ್ದಕ್ಕೇ ಹರಿಶ್ಚಂದ್ರನಿಗೆ ಸಾಲ ನೆನಪಿತ್ತೋ ಏನೋ.

29 ಏಪ್ರಿಲ್, ಸೋಮವಾರ

ದುಡ್ಡು ಕೊಟ್ಟೆ. ಎಣಿಸದೆ ಜೇಬಿಗೆ ಹಾಕಿಕೊಂಡ. "ಎಣಸಲೇ" ಅಂದೆ. ಎಣಿಸಿದ. ಐನೂರು ಹೆಚ್ಚಾಗಿದೆ ಎಂದು ವಾಪಸು ಕೊಟ್ಟ.

1 ಮೇ, ಬುಧವಾರ

ಮಹಾರಾಷ್ಟ್ರ ದಿನ, ರಜೆ. ಫಿರಂಗಾಯಿ ಗುಡಿಗೆ ಇಬ್ಬರೂ ಹೋಗಿಬಂದೆವು. ಮೆಟ್ಟಿಲ ಮೇಲೆ ಕೂತು, ದ್ವಾರಕೀಶ್ ವಿಷ್ಣು ಎಷ್ಟು ಸಲ ಮುನಿಸಿಕೊಂಡರು ಎಂದು ಮಾತಾಡಿದೆವು. 'ಕಳ್ಳ ಕುಳ್ಳ' 1975ರಲ್ಲಿ. ನಡುವೆ ವರ್ಷಗಟ್ಟಲೆ ಮಾತಿಲ್ಲ. ಚಿತ್ರ ಚಿತ್ರಕ್ಕೂ ಕಳೆದುಕೊಂಡು ಸಾಲದಲ್ಲಿದ್ದ ಕುಳ್ಳನ ಬ್ಯಾನರಿಗೆ 2004ರಲ್ಲಿ ವಿಷ್ಣು ಬಂದರು, 'ಆಪ್ತಮಿತ್ರ' ವರ್ಷದ ಮೇಲೆ ಓಡಿತು. ಅದರಲ್ಲಿ ನೋಡಿದರೆ ಕಥೆಯ ಗಂಡ ಹೆಂಡತಿ ರಮೇಶ್ ಅರವಿಂದ್, ಸೌಂದರ್ಯಾ. ವಿಷ್ಣು ಬರುವುದು ಗಂಡನ ಗೆಳೆಯನಾಗಿ. ಅಷ್ಟು ವರ್ಷ ಹೀರೋ ಆಗಿದ್ದವನು ಇನ್ನೊಬ್ಬನ ಮನೆಯ ಸಂಕಟಕ್ಕೆ ಬಂದು ನಿಲ್ಲುವ ಪಾತ್ರ.

"ಅಂದ್ರ ಹೀರೋನೂ ಒಮ್ಮೆ ಕುಳ್ಳ ಆಗಬೇಕಾಗ್ತದ" ಅಂದ. ನನ್ನ ಕಡೆ ನೋಡದೆ ಅಂದ.

ಬಾಲಕೃಷ್ಣನ ಮಾತೂ ಬಂತು. ಆ ಮನುಷ್ಯನಿಗೆ ಕಿವಿ ಕೇಳುತ್ತಿರಲಿಲ್ಲ. ಎದುರಿನವರ ತುಟಿ ನೋಡಿಕೊಂಡು ತನ್ನ ಮಾತಿನ ಸರದಿ ಹಿಡಿಯುತ್ತಿದ್ದ. 'ಬಂಗಾರದ ಮನುಷ್ಯ'ದ ರಾಚೂಟಪ್ಪನನ್ನು ನೋಡಿದವರಿಗೆ ಅದರ ಸುಳಿವೇ ಹತ್ತುವುದಿಲ್ಲ. ನನಗೆ ಎರಡೂ ಕಿವಿ ನೆಟ್ಟಗಿವೆ.

3 ಮೇ, ಶುಕ್ರವಾರ

ಇಬ್ಬರಿಗೂ ಊರಿಗೆ ಟಿಕೀಟು ತೆಗೆಸಲು ದೌಂಡಿಗೆ ನಾನು ಹೋದೆ. ಮೇ 7ಕ್ಕೆ ಮತದಾನ. ಬಾರಾಮತಿ ಕ್ಷೇತ್ರದ ಇಲ್ಲಿಯೂ ಅವತ್ತೇ, ನಮ್ಮ ವಿಜಯಪುರದಲ್ಲಿಯೂ ಅವತ್ತೇ, ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಫಾರ್ಮಿನಲ್ಲಿ ನನ್ನ ಹೆಸರು, ವಯಸ್ಸು ಬರೆದೆ. ಎರಡನೇ ಸಾಲಿಗೆ ಬಂದು ಪೆನ್ನು ನಿಂತಿತು. ಹೆಸರು ಗೊತ್ತು, ಅಡ್ಡಹೆಸರು ನೆನಪಿಸಿಕೊಳ್ಳಬೇಕಾಯಿತು. ವಯಸ್ಸು ಗೊತ್ತಿರಲಿಲ್ಲ. ಹಿಂದಿನವನು ಗೊಣಗತೊಡಗಿದ. ಫೋನ್ ಮಾಡಿ ಕೇಳಿದೆ.

"ಮೂವತ್ನಾಕು," ಅಂದ. "ಯಾಕ, ಹೆಣ್ಣು ನೋಡ್ಲಿಕತ್ತೀ ಏನು?"

6 ಮೇ, ಸೋಮವಾರ, ರೈಲಿನಲ್ಲಿ

ಅವನ ಟ್ರಂಕು ನಾನು ಹೊತ್ತೆ. ಅವನು ಮುಂದೆ ಮುಂದೆ ಬೋಗಿ ಹುಡುಕುತ್ತಾ, ನಾನು ಹಿಂದೆ ಹಿಂದೆ. ಬಿಹಾರದ ಹುಡುಗರು ಕಳಿಸಲು ಬಂದಿದ್ದರು. "ಕುಲ್ಲಾ ಭಯ್ಯಾ" ಎಂದು ಪ್ಲಾಟ್‌ಫಾರ್ಮಿನ ಮೇಲೆ ಕೂಗಿದ್ದಕ್ಕೆ ಮರಾಠಿ ಬಾಯಿಗಳಿಬ್ಬರು ತಿರುಗಿ ನೋಡಿ ಸೆರಗು ಬಾಯಿಗೆ ಹಿಡಿದರು. ಫಿಟ್ಟರ್ ಕಾಕಾ ಕಣ್ಣೊರೆಸಿಕೊಂಡು, ಧೂಳು ಅಂದರು.

ಭಿಗವಣ ದಾಟಿದ ಮೇಲೆ ಉಜನಿಯ ಹಿನ್ನೀರು. ಈ ವರ್ಷ ಡ್ಯಾಮು ಮೈನಸ್ಸಿಗೆ ಇಳಿದಿದೆ, ನೀರು ಇದ್ದಲ್ಲಿ ಬಿರಿದ ಕೆಸರು. ಇದೇ ಭೀಮೆ ಅವನ ಊರಿಗೂ ಹೋಗಬೇಕು. ಕಿಟಕಿಯ ಸೀಟು ಅವನಿಗೆ ಬಿಟ್ಟೆ.

ಪರೀಕ್ಷೆಯಲ್ಲಿ ಏನೇನು ಕೇಳಿದರು ಅಂದೆ. ಒಂದು ಸಲ ನನ್ನ ಮುಖ ನೋಡಿದ, ತಮಾಷೆ ಮಾಡುತ್ತಿದ್ದೇನೋ ಎಂದು. ಆಮೇಲೆ ಶುರುಮಾಡಿದ. ಬಾಯ್ಲರ್ ಕಾಯ್ದೆ ಯಾವ ಇಸವಿಯದು? 1923. ನರಸಿಂಹರಾಜು ಹುಟ್ಟಿದ ವರ್ಷ ಎಂದೇ ನೆನಪಿಟ್ಟುಕೊಂಡಿದ್ದನಂತೆ. ಗೇಜ್ ಗ್ಲಾಸಿನಲ್ಲಿ ನೀರು ಕಾಣಿಸದಿದ್ದರೆ ಮೊದಲು ಏನು ಮಾಡುತ್ತೀ? ಸೇಫ್ಟಿ ವಾಲ್ವ್ ಎಷ್ಟಿರಬೇಕು? ಫ್ಯೂಸಿಬಲ್ ಪ್ಲಗ್ ಯಾಕೆ? ನೀರು ಕಡಿಮೆಯಾಗಿ ಲೋಹ ಕಾದರೆ ಆ ಪ್ಲಗ್ಗಿನೊಳಗಿನ ಮಿಶ್ರಲೋಹ ತಾನು ಮೊದಲು ಕರಗಿ, ಸ್ಟೀಮನ್ನು ಬೆಂಕಿಯ ಮೇಲೆ ಬಿಟ್ಟು ಆರಿಸುತ್ತದೆ, ಬಾಯ್ಲರ್ ಉಳಿಯುತ್ತದೆ.

"ಅಂದ್ರ ನಿನ್ನಂಗ" ಅಂದೆ.

"ಸಿನಿಮಾ ಡೈಲಾಗ್ ಬ್ಯಾಡ," ಅಂದ. "ಪ್ಲಗ್ ಕರಗಿದ್ರ ಬಾಯ್ಲರ್ ಬಂದ್ ಆಗ್ತದ. ನಾ ಹೋದ್ರ ನಿನ್ನ ಪ್ಲಾಂಟ್ ಏನ್ ನಿಂದ್ರೂದಿಲ್ಲ. ಪೂರಾ ಕೇಳು ಮೊದಲ."

ಕೇಳಿದೆ. ಜೇವೂರ ಹೋಯಿತು. ಚಹಾದವನು ಎರಡು ಸಲ ಬಂದುಹೋದ. ಕುರ್ಡುವಾಡಿ ಬಂದಾಗ ಅವನಿನ್ನೂ ಫೀಡ್ ಪಂಪಿನಲ್ಲೇ ಇದ್ದ.