ಸೂಟು, ಸಂದರ್ಶನ ಮತ್ತು ಅರ್ಧ ಇಂಚು

ಈಮೇಲ್‌ನ ಕೊನೆಯಲ್ಲಿ ಒಂದೇ ಸಾಲು ಇತ್ತು: ದಯವಿಟ್ಟು ಬಿಸಿನೆಸ್ ಫಾರ್ಮಲ್ಸ್‌ನಲ್ಲಿ ಬನ್ನಿ.

ನಾನು ಅದನ್ನು ನಾಲ್ಕು ಸಲ ಓದಿದೆ. ಸಾಫ್ಟ್‌ವೇರ್‌ನವರಿಗೂ ಸೂಟಿಗೂ ಏನು ಸಂಬಂಧ ಹೇಳಿ? ಆರು ವರ್ಷ ಕೆಲಸ ಮಾಡಿದ ನನ್ನ ಬೀರುವಿನಲ್ಲಿ ಕಂಪನಿಗಳು ಪುಕ್ಕಟೆ ಕೊಟ್ಟ ಟೀ ಶರ್ಟ್‌ಗಳೇ ಹದಿನಾಲ್ಕು ಇವೆ. ಸೂಟು ಒಂದೂ ಇಲ್ಲ. ಆದರೆ ಈ ಕೆಲಸ ಬರೀ ಕೋಡ್ ಬರೆಯೋದಲ್ಲ, ಬ್ಯಾಂಕಿನ ಗ್ರಾಹಕರ ಎದುರು ಕೂತು ನಮ್ಮ ಸಿಸ್ಟಂ ಹೇಗೆ ಕೆಲಸ ಮಾಡುತ್ತೆ ಅಂತ ವಿವರಿಸೋದು. ಕೊನೆಯ ಸುತ್ತು ಮುಂಬೈಯಲ್ಲಿ, ಮುಖಾಮುಖಿ. ಉಳಿದಿದ್ದು ಒಂಬತ್ತು ದಿನ.

ಇಲ್ಲಿ ಇನ್ನೊಂದು ವಿಷಯ ಹೇಳಿಬಿಡಬೇಕು. ಹಿಂದಿನ ಕೆಲಸ ಹೋಗಿ ಆಗ ಮೂರು ತಿಂಗಳಾಗಿತ್ತು. ಹದಿನೈದು ನಿಮಿಷದ ಒಂದು ವಿಡಿಯೋ ಕಾಲ್‌ನಲ್ಲಿ ಮುಗಿದು ಹೋಯಿತು. ಅಪ್ಪ ಅಮ್ಮನಿಗೆ ಹೇಳಿದ್ದೆ, ನೆಂಟರಿಗೆ ಹೇಳಿರಲಿಲ್ಲ. ಬ್ಯಾಂಕಿನ ಕಂತು ಮಾತ್ರ ಯಾರಿಗೂ ಹೇಳದೆ ಕೇಳದೆ ಪ್ರತಿ ತಿಂಗಳು ಐದನೇ ತಾರೀಕು ತಪ್ಪದೆ ಹೋಗುತ್ತಿತ್ತು. ಹಾಗಾಗಿ ಸೂಟಿಗೆ ಎಷ್ಟು ಖರ್ಚು ಮಾಡಬಹುದು ಅನ್ನೋದು ತಮಾಷೆಯ ಪ್ರಶ್ನೆ ಆಗಿರಲಿಲ್ಲ.

ಇಂಜಿನಿಯರಿಂಗ್ ಕೊನೇ ವರ್ಷದಲ್ಲಿ ಹಾಸ್ಟೆಲ್‌ನ ನಮ್ಮ ಕಾರಿಡಾರಿಗೆಲ್ಲ ಸೇರಿ ಒಂದೇ ಬ್ಲೇಜರ್ ಇತ್ತು. ಬೆಳಿಗ್ಗೆ ಒಬ್ಬ ಹಾಕಿಕೊಂಡು ಹೋದರೆ ಮಧ್ಯಾಹ್ನ ಇನ್ನೊಬ್ಬ. ಅದರ ಒಡೆಯ ಆರಡಿ ಎತ್ತರದ ಆಸಾಮಿ. ನಾನು ಹಾಕಿಕೊಂಡರೆ ತೋಟದ ಬೆದರುಬೊಂಬೆ ಕ್ಯಾಂಪಸ್ಸಿಗೆ ಬಂದಂತೆ ಕಾಣುತ್ತಿತ್ತು. ಆದರೂ ಕೆಲಸ ಸಿಕ್ಕಿತ್ತು! ಆ ಧೈರ್ಯದ ಮೇಲೆಯೇ ಈ ಸಲ ಮಾಲ್‌ಗೆ ಹೊರಟೆ. ಒಂದು ಸಂಜೆಯ ಕೆಲಸ ಅಂದುಕೊಂಡಿದ್ದೆ.

ನಲವತ್ತರ ಸೈಜು, ಗಾಢ ನೀಲಿ. ಕನ್ನಡಿ ನೋಡಿದೆ. ಎಡಗಡೆ ಅಚ್ಚುಕಟ್ಟು. ಬಲಗಡೆ ಕುತ್ತಿಗೆಯ ಹತ್ತಿರ ಒಂದು ಸುಕ್ಕು, ಕಂಕುಳಿನ ಕೆಳಗೆ ಇನ್ನೊಂದು ಓರೆ ಸುಕ್ಕು. ಬೇರೆ ಬ್ರಾಂಡ್ ತಂದುಕೊಟ್ಟ. ಅದರಲ್ಲೂ ಅದೇ ಸುಕ್ಕು, ಅದೇ ಜಾಗ. ಮೂರನೆಯದರಲ್ಲೂ ಹಾಗೇ. ಆಗ ಅಂಗಡಿಯ ಹುಡುಗ ಬಹಳ ಮರ್ಯಾದೆಯಿಂದ ಹೇಳಿದ: "ಸರ್, ಕೋಟು ಸರಿ ಇದೆ. ನಿಮ್ಮ ಬಲಭುಜ ಸ್ವಲ್ಪ ಡೌನ್ ಇದೆ."

ಇಷ್ಟು ವರ್ಷ ಈ ಭುಜ ಹೊತ್ತು ಓಡಾಡಿದ್ದೇನೆ. ನನಗೇ ಗೊತ್ತಿರಲಿಲ್ಲ!

ಮನೆಗೆ ಬಂದು ಕನ್ನಡಿ ಮುಂದೆ ನಿಂತೆ. ಹೌದು, ಇಳಿದಿದೆ. ಟೀ ಶರ್ಟು, ಅಂಗಿಗಳ ಬಟ್ಟೆ ಮೆತ್ತಗೆ, ಮೈ ಹೇಗಿದೆಯೋ ಹಾಗೆ ಬಗ್ಗುತ್ತದೆ. ಕೋಟಿನ ಭುಜಕ್ಕೆ ಪ್ಯಾಡು, ಒಳಗೆ ಗಟ್ಟಿ ಬಟ್ಟೆ. ಅದಕ್ಕೆ ಅದರದೇ ಆಕಾರ ಇರುತ್ತದೆ. ಆ ಆಕಾರಕ್ಕೂ ನನ್ನ ಮೈಗೂ ಜಗಳ ಬಂದ ಕಡೆ ಸುಕ್ಕು.

ಇಂಜಿನಿಯರ್ ಬುದ್ಧಿ ಸುಮ್ಮನಿರುತ್ತಾ? ರಾತ್ರಿ ಎರಡರ ತನಕ ಓದಿದೆ. (ಕೆಲಸ ಇಲ್ಲದವನಿಗೆ ರಾತ್ರಿ ಎರಡು ಗಂಟೆ ಏನು ಮಹಾ.) ಸೂಟಿನಲ್ಲಿ ಮೂರು ಜಾತಿ. ರೆಡಿಮೇಡ್ ಅಂದರೆ ಡೀಫಾಲ್ಟ್ ಸೆಟ್ಟಿಂಗ್. ಮೇಡ್ ಟು ಮೆಷರ್ ಅಂದರೆ ಕಂಪನಿಯ ಹತ್ತಿರ ಇರುವ ಸಿದ್ಧ ಪ್ಯಾಟರ್ನ್‌ನಲ್ಲಿ ನಿಮ್ಮ ಅಳತೆ ತುಂಬಿಸಿ ಕತ್ತರಿಸುವುದು, ನಮ್ಮ ಕಾನ್ಫಿಗರೇಷನ್ ಫೈಲ್ ಇದ್ದ ಹಾಗೆ. ಬಿಸ್ಪೋಕ್ ಅಂದರೆ ನಿಮಗೊಬ್ಬರಿಗೇ ಹೊಸದಾಗಿ ಪ್ಯಾಟರ್ನ್ ಬರೆದು, ಕಚ್ಚಾ ಹೊಲಿಗೆ ಹಾಕಿ, ಮೈಮೇಲೆ ನೋಡಿ, ಬಿಚ್ಚಿ, ಮತ್ತೆ ಹೊಲಿಯುವುದು. ಮೇಡ್ ಟು ಮೆಷರ್ ಬೋರ್ಡು ಹಾಕಿದ ಕಡೆಯೆಲ್ಲ ಈ ಮೂರನೆಯದು ಸಿಗುತ್ತದೆ ಅಂದುಕೊಂಡರೆ ಕೆಟ್ಟಿರಿ.

ರೆಡಿಮೇಡ್ ಸೂಟು ಹೊಸದೇನಲ್ಲ. ಅಮೆರಿಕದ ಬ್ರೂಕ್ಸ್ ಬ್ರದರ್ಸ್ 1849ರಲ್ಲೇ ಮಾರಲು ಶುರು ಮಾಡಿತ್ತು. 1861ರಿಂದ 1865ರವರೆಗೆ ಅಲ್ಲಿ ನಡೆದ ಅಂತರ್ಯುದ್ಧಕ್ಕೆ ರಾಶಿಗಟ್ಟಲೆ ಸಮವಸ್ತ್ರ ಬೇಕಾಯಿತು. ಸೈನಿಕರ ಅಳತೆಗಳಿಂದ ಸೈಜುಗಳ ಲೆಕ್ಕ ಹುಟ್ಟಿತು. ಎದೆ ಇಷ್ಟಿದ್ದರೆ ಸೊಂಟ ಇಷ್ಟು, ತೋಳು ಇಷ್ಟು. ಈಗಲೂ ನಲವತ್ತರ ಕೋಟಿನ ಜೊತೆ ಸಾಮಾನ್ಯವಾಗಿ ಮೂವತ್ತನಾಲ್ಕರ ಪ್ಯಾಂಟು ಬರುತ್ತದೆ. ಎದೆಗಿಂತ ಸೊಂಟ ಆರು ಇಂಚು ಕಡಿಮೆ ಇರಬೇಕು ಅಂತ ಅವರ ನಂಬಿಕೆ. ಮೂರು ತಿಂಗಳು ಮನೆಯಲ್ಲಿ ಕೂತವನ ಸೊಂಟ ಆ ನಂಬಿಕೆಗೆ ದ್ರೋಹ ಮಾಡಿತ್ತು :)

ಆದರೆ ನನ್ನ ಮನಸ್ಸಿಗೆ ಸಮಾಧಾನ ತಂದಿದ್ದು ಇನ್ನೊಂದು ಕಥೆ. 1950ರಲ್ಲಿ ಅಮೆರಿಕದ ವಾಯುಪಡೆ ವಿಮಾನದ ಕಾಕ್‌ಪಿಟ್ ಅಳತೆ ಸರಿಮಾಡಲು ಸಾವಿರಾರು ಪೈಲಟ್‌ಗಳ ಮೈ ಅಳತೆ ತೆಗೆಸಿತು. ಗಿಲ್ಬರ್ಟ್ ಡೇನಿಯಲ್ಸ್ ಎಂಬ ಯುವ ಅಧಿಕಾರಿ 4,063 ಜನರ ಹತ್ತು ಅಳತೆ ಹಿಡಿದು, ಹತ್ತರಲ್ಲೂ ಸರಾಸರಿಯ ಆಸುಪಾಸು ಇರುವವರು ಎಷ್ಟು ಅಂತ ಲೆಕ್ಕ ಹಾಕಿದ. ಉತ್ತರ: ಸೊನ್ನೆ. ಒಬ್ಬನೂ ಇಲ್ಲ! ಅಂದರೆ ಆ ಮಾಲ್‌ನಲ್ಲಿ ತೂಗುಹಾಕಿದ ಕೋಟು ಯಾರನ್ನು ನೆನೆದು ಹೊಲಿದಿದ್ದೋ, ಆ ಮನುಷ್ಯ ಹೆಚ್ಚುಕಡಿಮೆ ಹುಟ್ಟಿಯೇ ಇಲ್ಲ.

ಸರಿ, ಹಾಗಿದ್ದರೆ ಹೊಲಿಸೋಣ ಅಂತ ಮರುದಿನ ಒಂದು ದೊಡ್ಡ ಅಂಗಡಿಗೆ ಹೋದೆ. ಎರಡು ಪೀಸಿನ ಸೂಟಿಗೆ ಮೂರೂಕಾಲು ಮೀಟರ್ ಬಟ್ಟೆ, ಹೊಲಿಗೆ ಬೇರೆ. ಒಟ್ಟು ಇಪ್ಪತ್ತೆರಡು ಸಾವಿರ, ಮೂರು ವಾರ. ಅರ್ಜೆಂಟಾದರೆ ಐದು ದಿನದಲ್ಲಿ ಕೊಡ್ತೀವಿ, ಆದರೆ ಮಧ್ಯೆ ಟ್ರಯಲ್ ಇಲ್ಲ ಅಂದರು. ಟೆಸ್ಟ್ ಮಾಡದೆ ನೇರ ಪ್ರೊಡಕ್ಷನ್‌ಗೆ ಹಾಕೋದು! ಅಳತೆ ಕೊಟ್ಟು ಹೊಲಿಸಿದ ಕೋಟು ತಪ್ಪಾಗಿ ಬಂದರೆ, ತಪ್ಪಾದ ರೆಡಿಮೇಡ್‌ಗಿಂತ ಕಷ್ಟ. ರೆಡಿಮೇಡನ್ನು ಅಂಗಡಿಯಲ್ಲೇ ಬಿಟ್ಟು ಬರಬಹುದು. ಇದು ನಿಮ್ಮ ಹೆಸರು ಬರೆಸಿಕೊಂಡು ಕೂತಿರುತ್ತದೆ.

ಅವತ್ತು ರಾತ್ರಿ ಅಮ್ಮನಿಗೆ ಫೋನ್ ಮಾಡಿದಾಗ ಭುಜದ ವಿಷಯ ಬಂತು. ಅಮ್ಮ ಒಂಚೂರೂ ಆಶ್ಚರ್ಯಪಡಲಿಲ್ಲ. "ಮೂರನೇ ಕ್ಲಾಸಲ್ಲಿ ಪೇರಲೆ ಮರದಿಂದ ಬಿದ್ದಿದ್ದು ಮರ್ತೋಯ್ತಾ? ಕಾಲರ್ ಬೋನ್ ಮುರಿದಿತ್ತಲ್ಲ. ಟೈಲರಣ್ಣಂಗೆ ಗೊತ್ತಿತ್ತು, ಅವನೇ ಸರಿ ಮಾಡಿ ಹೊಲೀತಿದ್ದ."

ಮಾರನೇ ದಿನ ಮಾಲ್‌ಗೆ ಹೋಗಿ, ಎಡಭುಜ ಮತ್ತು ಎದೆ ಸರಿಯಾಗಿ ಕೂತಿದ್ದ ಆ ಮೊದಲನೇ ಕೋಟನ್ನೇ ಕೊಂಡೆ. ಪ್ಯಾಂಟು ಸೇರಿ ಒಂಬತ್ತು ಸಾವಿರ. ಕವರಿನಲ್ಲಿ ಹಾಕಿಕೊಂಡು ತಾಳಗುಪ್ಪ ರೈಲು ಹತ್ತಿದೆ.

ಸಾಗರದಲ್ಲಿ ಅವರ ಅಂಗಡಿ ಇದ್ದಲ್ಲೇ ಇದೆ. ಮೂರು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂದಾಗ ಆ ಅಂಗಡಿಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಈಗ ಎರಡು ಮಷೀನಿನಲ್ಲಿ ಒಂದಕ್ಕೆ ಬಟ್ಟೆ ಮುಚ್ಚಿದ್ದಾರೆ. ಎಲ್ಲರೂ ರೆಡಿಮೇಡೇ ಕೊಳ್ಳುವುದು, ನಾನೂ ಅದನ್ನೇ ಕೈಯಲ್ಲಿ ಹಿಡಿದು ನಿಂತಿದ್ದೆ. ಸ್ವಲ್ಪ ನಾಚಿಕೆಯಾಯಿತು. ಅವರು ಬೈಯಲಿಲ್ಲ. ಕೋಟು ಹಾಕಿಸಿ ಒಂದು ಸುತ್ತು ತಿರುಗಿಸಿದರು. ಮಡಿಲಿನ ಹತ್ತಿರ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ಜಗ್ಗಿ, "ಒಳಗೆ ಅಂಟು ಹಾಕಿದ್ದು, ಹೊಲಿದಿದ್ದಲ್ಲ. ಸುಮ್ಮಸುಮ್ಮನೆ ಡ್ರೈಕ್ಲೀನಿಗೆ ಕೊಡಬೇಡ, ಗುಳ್ಳೆ ಏಳ್ತದೆ" ಅಂದರು.

ಆಮೇಲೆ ಮೇಜಿನ ಖಾನೆಯಿಂದ ಹಳೇ ಉದ್ದ ಪುಸ್ತಕ ತೆಗೆದರು. ನನ್ನ ಹೈಸ್ಕೂಲು ಯೂನಿಫಾರ್ಮಿನ ಪುಟ. ಅಪ್ಪನ ಹೆಸರು, ಅದರ ಕೆಳಗೆ ಪೆನ್ಸಿಲ್ಲಿನಲ್ಲಿ ನನ್ನ ಎದೆ, ಸೊಂಟ, ತೋಳು. ಪಕ್ಕದಲ್ಲಿ ಸಣ್ಣಕ್ಷರದಲ್ಲಿ: ಬ. ಭುಜ ಅರ್ಧ ಇಳಿಕೆ.

"ನನಗೆ ಯಾಕೆ ಹೇಳಲೇ ಇಲ್ಲ?" ಅಂತ ಕೇಳಿದೆ.

"ಹೇಳಿದ್ರೆ ದಿನಾ ಕನ್ನಡಿ ಮುಂದೆ ನಿಲ್ತಿದ್ದೆ. ಅಂಗಿಗೆ ಗೊತ್ತಿದ್ರೆ ಸಾಕಿತ್ತು."

ಬಲಭುಜದ ಒಳಗೆ ಒಂದು ತೆಳು ಪ್ಯಾಡು ಜಾಸ್ತಿ ಇಟ್ಟರು, ಅರ್ಧ ಇಂಚು. ಎರಡೂ ಭುಜಗಳೇ ದೊಡ್ಡದಾಗಿದ್ದರೆ ನಾನು ಮುಟ್ಟುತ್ತಿರಲಿಲ್ಲ, ಅದನ್ನು ಬಿಚ್ಚಿದರೆ ಇಡೀ ಕೋಟು ಬಿಚ್ಚಿದ ಹಾಗೆ ಅಂದರು. ತೋಳನ್ನು ಅಂಗಿಯ ತುದಿ ಅರ್ಧ ಇಂಚು ಕಾಣುವಷ್ಟು ಕುಗ್ಗಿಸಿದರು. ಪ್ಯಾಂಟಿನ ಹಿಂದೆ ಹೊಲಿಗೆಯೊಳಗೆ ಬಿಟ್ಟಿದ್ದ ಬಟ್ಟೆ ಬಿಡಿಸಿ ನನ್ನ ಸೊಂಟಕ್ಕೆ ಉಸಿರು ಕೊಟ್ಟರು. ಕೋಟಿನ ಹಿಂಭಾಗದ ಸೀಳಿಗೆ ಅಡ್ಡ ಹಾಕಿದ್ದ ದಾರ ಕತ್ತರಿಸಿ, ಇದನ್ನು ತೆಗೆಯದೆ ಮದುವೆಗೆ ಹೋದವರನ್ನು ಎಷ್ಟು ಜನ ನೋಡಿದ್ದೇನೆ ಅಂತ ನಕ್ಕರು. ಕೆಳಗಿನ ಗುಂಡಿ ಹಾಕಬೇಡ, ಕೂರುವಾಗ ಮೇಲಿನದ್ದೂ ಬಿಚ್ಚು. ಎಲ್ಲಾ ಸೇರಿ ನಾನೂರು ರೂಪಾಯಿ.

ಕನ್ನಡಿಯಲ್ಲಿ ಸುಕ್ಕು ಇರಲಿಲ್ಲ.

ಮುಂಬೈಯಲ್ಲಿ ಎದುರು ಕೂತ ಮೂವರಲ್ಲಿ ಒಬ್ಬರು ಅರ್ಧ ತೋಳಿನ ಅಂಗಿಯಲ್ಲಿದ್ದರು! ಮೂರು ತಿಂಗಳು ಯಾಕೆ ಖಾಲಿ ಅಂತ ಕೇಳಿದರು. ಆ ಪ್ರಶ್ನೆಗೆ ಒಂದು ಸುಳ್ಳು ಸಿದ್ಧ ಮಾಡಿಕೊಂಡಿದ್ದೆ, ಯಾಕೋ ಹೇಳಲಿಲ್ಲ. ಕೆಲಸ ಹೋಯಿತು, ಹುಡುಕುತ್ತಿದ್ದೇನೆ ಅಂದೆ. ಭುಜದ ಬಗ್ಗೆ ಒಮ್ಮೆಯೂ ಯೋಚಿಸಲಿಲ್ಲ. ಸೂಟಿನಿಂದ ಆದ ಉಪಕಾರ ಅಷ್ಟೇ, ಅದು ಇದೆ ಅನ್ನುವುದೇ ಮರೆತುಹೋಗಿತ್ತು.

ಆ ಕೆಲಸ ಸಿಗಲಿಲ್ಲ. ಒಂದೂವರೆ ತಿಂಗಳ ನಂತರ ಬೇರೆ ಕಡೆ ಸಿಕ್ಕಿತು, ವಿಡಿಯೋ ಸಂದರ್ಶನದಲ್ಲಿ. ಮೇಲೆ ಇಸ್ತ್ರಿ ಅಂಗಿ, ಕೆಳಗೆ ಚಡ್ಡಿ :)

ಹಾಗಾದರೆ ಯಾವುದು ವಾಸಿ? ದಿನ ಕಡಿಮೆ ಇದ್ದರೆ ಭುಜ ಮತ್ತು ಎದೆ ಕೂರುವ ರೆಡಿಮೇಡ್ ಕೊಂಡು, ಉಳಿದ ದುಡ್ಡಲ್ಲಿ ಒಬ್ಬ ಒಳ್ಳೇ ಟೈಲರ್ ಹತ್ತಿರ ಹೋಗಿ. ಹೊಲಿಸುವುದಿದ್ದರೆ ಅಗತ್ಯ ಬೀಳುವ ಮುಂಚೆಯೇ ಹೊಲಿಸಿ, ಎರಡು ಟ್ರಯಲ್‌ಗೆ ಸಮಯ ಕೊಟ್ಟು. ನಮ್ಮ ಅಳತೆ ಬರೆದಿಟ್ಟುಕೊಂಡವರು ಊರಲ್ಲಿ ಇನ್ನೂ ಇದ್ದರೆ ಅವರ ಹತ್ತಿರವೇ ಹೋಗಿ.

ಮೊದಲ ಸಂಬಳ ಬಂದ ಮೇಲೆ ಮೂರೂಕಾಲು ಮೀಟರ್ ಬೂದು ಬಟ್ಟೆ ತಗೊಂಡು ಸಾಗರಕ್ಕೆ ಹೋದೆ. ಟೈಲರಣ್ಣ ಪುಸ್ತಕದ ಹೊಸ ಪುಟ ತೆರೆದು ಅಳತೆ ಬರೆದುಕೊಂಡರು. ಭುಜದ ಸಾಲು ನಾನು ಹೇಳುವ ಮೊದಲೇ ಬರೆದಾಗಿತ್ತು.

"ಯಾವಾಗ ಬೇಕು?" ಅಂದರು.

ಅರ್ಜೆಂಟಿಲ್ಲ ಅಂದೆ. ತುಂಬಾ ತಿಂಗಳ ಮೇಲೆ ಆ ಮಾತು ಬಾಯಿಗೆ ಬಂದಿತ್ತು.